ರೆಪ್ಪೆಯ ಅಂಚು
ಬದಿಯಡ್ಕ, 8 ಫೆಬ್ರುವರಿ 2025, ಶನಿವಾರ

ಬೆಳಿಗ್ಗೆ ಕಣ್ಣಿನ ಡಾಕ್ಟರನ್ನು ಕಾಣಲು ಮಂಗಳೂರಿಗೆ ಹೋಗಿದ್ದೆ. ಕುಂಬಳೆಯವರೆಗೆ ಬಸ್, ಅಲ್ಲಿಂದ ರೈಲು. ಕಿಟಕಿಯ ಗಾಳಿಗೆ ಕಣ್ಣು ಉರಿದು, ಮಂಜೇಶ್ವರ ಬರುವಷ್ಟರಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ಮೂರು ವರ್ಷದ ಹಿಂದೆ ಒಂದು ಪಾರ್ಲರಿನಲ್ಲಿ ರೆಪ್ಪೆಯ ಅಂಚಿಗೆ ಹಚ್ಚೆ ಹಾಕಿಸಿಕೊಂಡೆ. ಅವರ ಮಾತಿನಲ್ಲಿ ಅದು ಪರ್ಮನೆಂಟ್ ಐಲೈನರ್. ಚಾಳೀಸು ಬಂದ ಮೇಲೆ ಕನ್ನಡಕ ತೆಗೆದರೆ ಕನ್ನಡಿಯಲ್ಲಿ ಕಣ್ಣೇ ಕಾಣದು, ಹಾಕಿಕೊಂಡರೆ ಕಾಡಿಗೆಯ ಕಡ್ಡಿ ಒಳಗೆ ಹೋಗದು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಇದೊಂದು ಕೆಲಸ ತಪ್ಪಿತು ಎಂದು ಹಿಗ್ಗಿದ್ದೆ. ಸೂಜಿ ಹೊಸದೇ, ಬಣ್ಣದಲ್ಲಿ ಏನಿದೆ ಎಂದು ಒಂದು ಮಾತು ಕೇಳಿರಲಿಲ್ಲ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ ಹರಡಬಹುದು ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು.

ಡಾಕ್ಟರು ರೆಪ್ಪೆಯನ್ನು ಮಗುಚಿ ಕ್ಯಾಮೆರಾದಲ್ಲಿ ಚಿತ್ರ ತೆಗೆದು ತೋರಿಸಿದರು. ಮೇಲಿನ ರೆಪ್ಪೆಯೊಳಗೆ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಎಣ್ಣೆ ಗ್ರಂಥಿಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತಿರುತ್ತವೆ. ಮೈಬೋಮಿಯನ್ ಗ್ರಂಥಿ ಎಂದು ಹೆಸರು. ಕಣ್ಣೀರು ಬೇಗ ಆರಿಹೋಗದಂತೆ ಅದರ ಮೇಲೆ ತೆಳುವಾದ ಎಣ್ಣೆಯ ಪದರವನ್ನು ಹಾಸುವುದು ಇವುಗಳ ಕೆಲಸ. ಇವುಗಳ ಬಾಯಿ ತೆರೆಯುವುದು ಎವೆಗೂದಲ ಬುಡದ ಹಿಂದೆಯೇ, ನನಗೆ ಸೂಜಿ ಚುಚ್ಚಿದ ಜಾಗದ ಪಕ್ಕದಲ್ಲಿಯೇ. ನನ್ನ ಚಿತ್ರದಲ್ಲಿ ಹಲ್ಲುಗಳು ಅಲ್ಲಲ್ಲಿ ಮುರಿದಿದ್ದವು. ವಯಸ್ಸಿನಿಂದಲೂ ಹೀಗಾಗುತ್ತದೆ, ಎಲ್ಲವನ್ನೂ ಹಚ್ಚೆಯ ತಲೆಗೆ ಕಟ್ಟಲಾರೆ ಎಂದು ಡಾಕ್ಟರು ಪ್ರಾಮಾಣಿಕವಾಗಿ ಹೇಳಿದರು. ಆದರೆ ಕೊರಿಯಾದ ನೇತ್ರತಜ್ಞರು ಹಚ್ಚೆ ಇದ್ದವರ ಮತ್ತು ಇಲ್ಲದವರ ರೆಪ್ಪೆಗಳನ್ನು ಹೋಲಿಸಿ ನೋಡಿದಾಗ, ಇದ್ದವರಲ್ಲಿಯೇ ಗ್ರಂಥಿಗಳ ನಷ್ಟ ಹೆಚ್ಚು ಕಂಡಿದೆಯಂತೆ.

“ಮತ್ತೆ ಬೆಳೆಯುತ್ತವೆಯೇ?”

“ಹೋದದ್ದು ಹೋಯಿತು, ಟೀಚರೇ. ಉಳಿದದ್ದನ್ನು ಕಾಪಾಡಿಕೊಳ್ಳೋಣ.”

ಲೇಸರಿನಿಂದ ಅಳಿಸಬಹುದೇ ಎಂದೆ. ಕಣ್ಣಿನ ಮೇಲೆ ಲೋಹದ ಕವಚ ಇಟ್ಟು, ಬಲ್ಲವರು ಮಾತ್ರ ಮಾಡಬೇಕಾದ ಕೆಲಸವಂತೆ. ಕಬ್ಬಿಣದ ಆಕ್ಸೈಡ್ ಬೆರೆತ ಕಂದು ಬಣ್ಣಗಳು ಲೇಸರ್ ತಾಗಿದಾಗ ಮತ್ತಷ್ಟು ಕಪ್ಪಾಗುವುದೂ ಉಂಟಂತೆ. ಇದೇ ಕಬ್ಬಿಣದಿಂದಾಗಿ ಎಂಆರ್‌ಐ ಮಾಡುವಾಗ ಅಪರೂಪಕ್ಕೆ ರೆಪ್ಪೆ ಉರಿದು ಊದಿಕೊಳ್ಳಬಹುದು. ಹಾಗೆಂದು ಪರೀಕ್ಷೆ ತಪ್ಪಿಸಬಾರದು, ಮೊದಲೇ ತಿಳಿಸಿದರೆ ಸಾಕು. ಚರ್ಮದೊಳಗೆ ಚುಚ್ಚಲೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಯಾವ ಬಣ್ಣಕ್ಕೂ ಇಂದಿಗೂ ಒಪ್ಪಿಗೆ ಕೊಟ್ಟಿಲ್ಲ ಎಂಬುದೂ ಇವತ್ತೇ ತಿಳಿಯಿತು.

ಹಿಂದಿರುಗುವಾಗ ಅಪ್ಪನ ನೆನಪಾಯಿತು. ಯಕ್ಷಗಾನ ಮೇಳದಲ್ಲಿ ವೇಷಧಾರಿಯಾಗಿದ್ದರು. ಕಣ್ಣಿನ ಸುತ್ತ ಅಷ್ಟು ದಪ್ಪಕ್ಕೆ ಕಪ್ಪು ತೀಡುತ್ತಿದ್ದವರು, ಆಟ ಮುಗಿದ ಮೇಲೆ ಎಷ್ಟು ದಣಿದಿದ್ದರೂ ಬಣ್ಣ ಹಚ್ಚುವ ಚೌಕಿಯಲ್ಲಿ ಕುಳಿತು ತೆಂಗಿನೆಣ್ಣೆ ಹಚ್ಚಿ, ಬಣ್ಣದ ಗುರುತೂ ಉಳಿಯದಂತೆ ಒರೆಸದೆ ಮಲಗುತ್ತಿರಲಿಲ್ಲ. ಅಂಥವರ ಮಗಳು ನಾನು.

ಸಂಜೆ ತಂಗಿಯ ಮಗಳನ್ನು ಕರೆಸಿದೆ. ಏಪ್ರಿಲಿನಲ್ಲಿ ಅವಳ ಮದುವೆ. ನನ್ನ ಕಣ್ಣು ನೋಡಿಯೇ ಆಸೆಪಟ್ಟು, ಇಂಥದೇ ಹಚ್ಚೆಗೆಂದು ಸೋಮವಾರಕ್ಕೆ ಹೊತ್ತು ಗೊತ್ತುಮಾಡಿಕೊಂಡಿದ್ದಾಳೆ. ಆ ಮಾತು ನನ್ನನ್ನು ಮೂರು ದಿನದಿಂದ ಕೊರೆಯುತ್ತಿದೆ. ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದೆ. ಬಹಳ ಹೊತ್ತು ದೊಡ್ಡದು ಮಾಡಿ ನೋಡಿದಳು.

“ದೊಡ್ಡಮ್ಮಾ, ನಿಮಗೆ ನೋಯುತ್ತದೆಯೇ?”

ನೋವಲ್ಲ, ದಿನವಿಡೀ ಮರಳು ಬಿದ್ದಂತೆ ಎಂದೆ. ರಾತ್ರಿ ಬಿಸಿ ಬಟ್ಟೆಯ ಶಾಖ, ಎರಡು ಗಂಟೆಗೊಮ್ಮೆ ಹನಿ ಮದ್ದು, ಎಲ್ಲವನ್ನೂ ಹೇಳಿದೆ. ಎರಡು ಸಾವಿರ ಮುಂಗಡ ಕೊಟ್ಟಾಗಿದೆ, ಹಿಂದಿರುಗಿ ಕೊಡುವುದಿಲ್ಲ ಎಂದು ಮುಖ ಸಣ್ಣದು ಮಾಡಿದಳು. ಆ ಹಣವನ್ನು ಆಗಲೇ ಎಣಿಸಿ ಅವಳ ಕೈಗಿಟ್ಟೆ. ತೆಗೆದುಕೊಂಡಳು, ಆದರೆ ಬೇಡವೆಂದು ಇನ್ನೂ ಬಾಯಿ ಬಿಟ್ಟು ಹೇಳಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾಳಂತೆ.