ಜಿಪಿ ಸರ್ಜರಿಯಲ್ಲಿ ಕೆಲಸ ಮಾಡುತ್ತಲೇ ಮಾಸ್ಟರ್ಸ್ ಮಾಡಬಹುದೇ?

ಇಂಗ್ಲೆಂಡಿನ ಜಿಪಿ ಸರ್ಜರಿಗಳಲ್ಲಿ, ಅಂದರೆ ಕುಟುಂಬ ವೈದ್ಯರ (ಜಿಪಿ) ಚಿಕಿತ್ಸಾಲಯಗಳಲ್ಲಿ ಇರುವ ಕನ್ನಡದ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಮಾಡಬಹುದು. ಆದರೆ ಪೂರ್ತಿ ಮಾಸ್ಟರ್ಸ್‌ಗೆ ಸೇರುವ ಮೊದಲು ಒಂದೇ ಒಂದು ಮಾಡ್ಯೂಲ್ (ಕೋರ್ಸಿನ ಒಂದು ಘಟಕ) ಮಾಡಿ ನೋಡಿ ಎಂದು ಒತ್ತಿ ಹೇಳುತ್ತೇವೆ.

ಮಾಸ್ಟರ್ಸ್ ಎಂದರೆ 180 ಕ್ರೆಡಿಟ್. 60 ಮುಗಿಸಿದರೆ ಪಿಜಿ ಸರ್ಟಿಫಿಕೇಟ್, 120ಕ್ಕೆ ಪಿಜಿ ಡಿಪ್ಲೊಮಾ. ಒಂದು ಕ್ರೆಡಿಟ್‌ಗೆ 10 ಗಂಟೆಯ ಓದು ಎಂಬ ಲೆಕ್ಕದಲ್ಲಿ 20 ಕ್ರೆಡಿಟ್‌ನ ಮಾಡ್ಯೂಲ್ 12 ವಾರ ನಡೆದರೆ ವಾರಕ್ಕೆ 16–17 ಗಂಟೆ ಬೇಕು. ಕ್ಲಿನಿಕ್ ಮುಗಿಸಿ, ಅಡುಗೆ ಮಾಡಿ, ಮಕ್ಕಳನ್ನು ಮಲಗಿಸಿದ ಮೇಲೆ ಅಷ್ಟು ಹೊತ್ತು ಯಾರಿಗೂ ಉಳಿಯುವುದಿಲ್ಲ. ವಾರದಲ್ಲಿ ಇಂಥ ದಿನ ಓದಿಗೆ ಬಿಡುವು ಎಂದು ಪ್ರಾಕ್ಟೀಸ್ ಮ್ಯಾನೇಜರ್ ಕೈಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಫ್ಲೂ ಲಸಿಕೆಯ ಸೀಸನ್ ಬಂದ ಕೂಡಲೇ ಮರೆತುಹೋಗುತ್ತದೆ.

ಮೊದಲ ಮಾಡ್ಯೂಲ್ ಯಾವುದು? ಔಷಧಿ ಬರೆಯುವ ಅರ್ಹತೆ ಕೊಡುವ ವಿ300 ಆದರೆ ಓದಿದ್ದು ಕೆಲಸದಲ್ಲಿ ನೇರ ಬಳಕೆಗೆ ಬರುತ್ತದೆ. ಬ್ರಿಟನ್ನಿನ ನರ್ಸ್‌ಗಳ ನಿಯಂತ್ರಣ ಮಂಡಳಿಯಾದ ಎನ್‌ಎಂಸಿಯಲ್ಲಿ ನೋಂದಣಿಯಾಗಿ ಕನಿಷ್ಠ 1 ವರ್ಷ ಆಗಿರಬೇಕು. ಕಲಿಕೆಗೆ ಮಾರ್ಗದರ್ಶನ ಮಾಡುವ ಪ್ರಾಕ್ಟೀಸ್ ಸೂಪರ್‌ವೈಸರ್ ಮತ್ತು ಕಲಿತದ್ದನ್ನು ಅಳೆಯುವ ಪ್ರಾಕ್ಟೀಸ್ ಅಸೆಸರ್ ಬೇಕು. ವಿಶೇಷ ಸಂದರ್ಭ ಬಿಟ್ಟರೆ ಇಬ್ಬರೂ ಬೇರೆ ಬೇರೆಯವರು, ಇಬ್ಬರೂ ಔಷಧಿ ಬರೆಯುವ ಅನುಭವ ಇರುವವರು. ಒಬ್ಬಿಬ್ಬರೇ ಜಿಪಿಗಳಿರುವ ಸರ್ಜರಿಯಲ್ಲಿ ಅರ್ಜಿ ಸಿಕ್ಕಿಬೀಳುವುದು ಇಲ್ಲೇ. ಅವರನ್ನು ಒಪ್ಪಿಸಿದ ಮೇಲೆಯೇ ಅರ್ಜಿ ತುಂಬಿ.

ವಿ300 ಪರೀಕ್ಷೆ ಕಟ್ಟುನಿಟ್ಟು. ಫಾರ್ಮಕಾಲಜಿಯಲ್ಲಿ (ಔಷಧಶಾಸ್ತ್ರ) ಪಾಸಾಗಲು 80%, ಲೆಕ್ಕದ ಪರೀಕ್ಷೆಯಲ್ಲಿ 100% ಬೇಕು. ಹೃದಯದ ಔಷಧಿ ಡಿಗಾಕ್ಸಿನ್ 62.5 ಮೈಕ್ರೋಗ್ರಾಂ ಎಂದರೆ 0.0625 ಮಿಲಿಗ್ರಾಂ, ಒಂದು ಸೊನ್ನೆ ಬಿಟ್ಟು 0.625 ಎಂದು ಬರೆದರೆ ಡೋಸ್ ಹತ್ತು ಪಟ್ಟಾಯಿತು, ಉಳಿದೆಲ್ಲ ಸರಿಯಿದ್ದರೂ ಫೇಲ್. ರೋಗಿಯ ಜೀವದ ಪ್ರಶ್ನೆ ಇದು, ಈ ನಿಯಮ ಸಡಿಲವಾಗಬಾರದು. ದಿನಕ್ಕೆ ಐದಾರು ಲೆಕ್ಕ ಮಾಡಿ, ಪ್ರತಿ ಉತ್ತರದ ಜೊತೆ ಯೂನಿಟ್ ಬರೆಯುವುದನ್ನು ರೂಢಿಸಿಕೊಳ್ಳಿ.

ದುಡ್ಡಿನ ವಿಷಯ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೂ ಓದಬಹುದು, ಆದರೆ ಖಾಯಂ ನೆಲೆಯ ಅನುಮತಿ ಇಲ್ಲದವರನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ವಿದೇಶಿ ಶುಲ್ಕದ ಪಟ್ಟಿಗೆ ಸೇರಿಸುತ್ತವೆ. ಯಾವ ಶುಲ್ಕ ಅನ್ವಯಿಸುತ್ತದೆ, ಈಗ ಗಳಿಸಿದ ಕ್ರೆಡಿಟ್ ಎಷ್ಟು ವರ್ಷ ಚಾಲ್ತಿಯಲ್ಲಿರುತ್ತದೆ ಎಂದು ಈಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ.

ಕೊನೆಯ 60 ಕ್ರೆಡಿಟ್ ಬಹುಪಾಲು ಪ್ರಬಂಧಕ್ಕೇ, ಅಂದರೆ 600 ಗಂಟೆ. ಮುಂದೂಡುತ್ತಾ ಹೋಗಿ ಕೈಬಿಡುವುದು ಇದನ್ನೇ. ರೋಗಿಗಳ ಸಂದರ್ಶನದಂಥ ಸಂಶೋಧನೆಗೆ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ನೈತಿಕ ಸಮಿತಿಯ ಒಪ್ಪಿಗೆ ಬೇಕು; ತೀರ್ಮಾನಕ್ಕೇ 60 ದಿನ ಹಿಡಿಯಬಹುದು, ಅರ್ಜಿ ಸಿದ್ಧಪಡಿಸುವ ಸಮಯ ಬೇರೆ. ಪ್ರಕಟಿತ ಅಧ್ಯಯನಗಳ ವ್ಯವಸ್ಥಿತ ವಿಮರ್ಶೆ ಆರಿಸಿಕೊಂಡರೆ ಆ ಒಪ್ಪಿಗೆಗೆ ಕಾಯಬೇಕಿಲ್ಲ, ರಜೆಯ ದಿನ ಮನೆಯಲ್ಲೇ ಕೂತು ಮಾಡಬಹುದು. ಡ್ಯೂಟಿಯ ನಡುವೆ ಓದುವವರಿಗೆ ನಾವು ಹೇಳುವುದು ಇದನ್ನೇ.