ಪರದೆ ತುಂಬಾ ರಾಜನ ಎಂಜಲು

ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಕಥೆಯನ್ನು ಹಾಡು, ರ‍್ಯಾಪು, ಕುಣಿತಗಳಲ್ಲಿ ಹೇಳುವ ಮ್ಯೂಸಿಕಲ್ ನಾಟಕ ಹ್ಯಾಮಿಲ್ಟನ್. ಅದರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಸ್ಟೇಜಿನ ಮೇಲಿರುವುದು ಹತ್ತು ನಿಮಿಷಕ್ಕಿಂತ ಕಡಿಮೆ. ಉಳಿದವರೆಲ್ಲ ಕುಣಿದು, ಓಡಿ, ಕುರ್ಚಿ ಮೇಜು ಎತ್ತಿಟ್ಟು ಸುಸ್ತಾಗಿರುವಾಗ ಇವನು ಕಿರೀಟ ಹಾಕಿಕೊಂಡು ನಿಧಾನಕ್ಕೆ ಬರುತ್ತಾನೆ, ಮಧ್ಯದಲ್ಲಿ ನಿಲ್ಲುತ್ತಾನೆ, ಕತ್ತು ಕೂಡ ಜಾಸ್ತಿ ಹೊರಳಿಸದೆ ಹಾಡುತ್ತಾನೆ. ಆ ಪಾತ್ರ ಮಾಡಿರುವ ಜೊನಾಥನ್ ಗ್ರಾಫ್ ಹಾಡುವಾಗ ಎಂಜಲು ಹಾರುತ್ತದೆ. ಸ್ವಲ್ಪ ಸ್ವಲ್ಪ ಅಲ್ಲ, ಧಾರಾಳವಾಗಿ. ತುಟಿಯಿಂದ ಗದ್ದಕ್ಕೆ ಇಳಿದು ಲೈಟಿಗೆ ಹೊಳೆಯುತ್ತಾ ಅಲ್ಲೇ ನಿಂತಿರುತ್ತದೆ, ಒರೆಸಿಕೊಳ್ಳುವುದೂ ಇಲ್ಲ. ರಾಜ ಅಲ್ವಾ.

2020ರಲ್ಲಿ ಈ ನಾಟಕದ ರೆಕಾರ್ಡಿಂಗ್ ಡಿಸ್ನಿ ಪ್ಲಸ್‌ಗೆ ಬಂದಾಗಲೇ ಆ ಎಂಜಲಿನ ಬಗ್ಗೆ ಜನ ಬೇಕಾದಷ್ಟು ತಮಾಷೆ ಮಾಡಿದ್ದರು. ನಾನೂ ಆಗ ಮನೆಯಲ್ಲೇ ನೋಡಿದ್ದು. ಆಮೇಲೆ ನಾಟಕ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಿರುವ ಬ್ರಾಡ್‌ವೇಗೆ ಬಂದು 10 ವರ್ಷ ಆಯ್ತು ಅನ್ನುವ ನೆಪದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಅದೇ ರೆಕಾರ್ಡಿಂಗನ್ನು ಸಿನಿಮಾ ಹಾಲ್‌ಗಳಿಗೆ ಬಿಟ್ಟರು. ದೊಡ್ಡ ಪರದೆ ಮೇಲೆ ನೋಡಬೇಕು ಅಂತ ಗೆಳತಿಯನ್ನು ಎಳೆದುಕೊಂಡು ಹೋದೆ. "ಮನೇಲೇ ಇದೆಯಲ್ಲೇ, ದುಡ್ಡು ಕೊಟ್ಟು ಯಾಕೆ ಹೋಗ್ಬೇಕು" ಅಂದಳು. "ಬಾರೇ ಸುಮ್ನೆ" ಅಂದೆ. ಅದಕ್ಕಿಂತ ಒಳ್ಳೆ ಉತ್ತರ ಆಗ ನನ್ನ ಹತ್ತಿರ ಇರಲಿಲ್ಲ. ಈಗ ಇದೆ, ಅದಕ್ಕೇ ಈ ಬರಹ.

ಮೊದಲು ಇದನ್ನು ಹೇಗೆ ಶೂಟ್ ಮಾಡಿದರು ಅಂತ ಹೇಳಿಬಿಡುತ್ತೇನೆ. 2016ರ ಜೂನ್ ಕೊನೆಯ ವಾರ, ನ್ಯೂಯಾರ್ಕಿನ ರಿಚರ್ಡ್ ರಾಜರ್ಸ್ ಥಿಯೇಟರ್. ನಾಟಕ ಬರೆದು ಮುಖ್ಯ ಪಾತ್ರವನ್ನೂ ಮಾಡುತ್ತಿದ್ದ ಲಿನ್-ಮ್ಯಾನುಯೆಲ್ ಮಿರಾಂಡಾ, ಹ್ಯಾಮಿಲ್ಟನ್‌ನ ಎದುರಾಳಿ ಬರ್ ಪಾತ್ರದ ಲೆಸ್ಲಿ ಓಡಮ್ ಜೂನಿಯರ್, ಹೆಂಡತಿ ಎಲೈಜಾ ಪಾತ್ರದ ಫಿಲಿಪಾ ಸೂ, ಮೂವರೂ ಜುಲೈ 9ಕ್ಕೆ ನಾಟಕ ಬಿಡುವವರಿದ್ದರು. ಅಷ್ಟರೊಳಗೆ ಹಿಡಿದಿಡಬೇಕಿತ್ತು. ಪ್ರೇಕ್ಷಕರು ತುಂಬಿದ್ದ ಎರಡು ಪ್ರದರ್ಶನಗಳನ್ನು ಶೂಟ್ ಮಾಡಿದರು. ನಡುವಿನ ಸಮಯದಲ್ಲಿ ಖಾಲಿ ಥಿಯೇಟರಿನಲ್ಲಿ ಕೆಲವು ಹಾಡುಗಳನ್ನು ಮತ್ತೆ ಆಡಿಸಿ, ಕ್ರೇನು, ಸ್ಟೆಡಿಕ್ಯಾಮ್ (ಅಲುಗಾಡದ ಹಾಗೆ ಮೈಗೆ ಕಟ್ಟಿಕೊಳ್ಳುವ ಕ್ಯಾಮೆರಾ) ಎಲ್ಲ ಸ್ಟೇಜಿಗೇ ಹತ್ತಿಸಿ ಹತ್ತಿರದ ಶಾಟ್‌ಗಳನ್ನು ತೆಗೆದರು. ನಿರ್ದೇಶಕ ಥಾಮಸ್ ಕೇಲ್ ನಾಟಕದ ನಿರ್ದೇಶಕರೂ ಹೌದು, ಹಾಗಾಗಿ ಯಾವ ಕ್ಷಣದಲ್ಲಿ ಯಾರು ಎಲ್ಲಿರುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಹಕ್ಕಿಗೆ ಡಿಸ್ನಿ ಕೊಟ್ಟಿದ್ದು ಸುಮಾರು 7.5 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ಅಸಲಿಗೆ 2021ರ ಅಕ್ಟೋಬರ್‌ನಲ್ಲಿ ಸಿನಿಮಾ ಹಾಲಿಗೇ ಬರಬೇಕಿತ್ತು. ಕೊರೊನಾ ಬಂತು, ಹಾಲ್‌ಗಳು ಮುಚ್ಚಿದವು, ಒಂದು ವರ್ಷಕ್ಕಿಂತ ಮುಂಚೆಯೇ ಮನೆಗೆ ಬಂದುಬಿಟ್ಟಿತು.

ಈಗ ಎಂಜಲಿನ ವಿಷಯಕ್ಕೆ ಬರುತ್ತೇನೆ. ರಿಚರ್ಡ್ ರಾಜರ್ಸ್‌ನಲ್ಲಿ ಸುಮಾರು 1,300 ಸೀಟುಗಳಿವೆ. ಮುಂದಿನ ಎರಡು ಮೂರು ಸಾಲು ಬಿಟ್ಟರೆ ಈ ಎಂಜಲು ಕಂಡವರು ಯಾರೂ ಇರಲಿಕ್ಕಿಲ್ಲ. ಸ್ಟೇಜಿನ ಮೇಲೆ ಮಾಡುವುದೆಲ್ಲ ಬಾಲ್ಕನಿಯ ಕೊನೆ ಸಾಲಿಗೆ ಮುಟ್ಟಲಿ ಅಂತ ಮಾಡಿದ್ದು. ಹುಬ್ಬು ಸ್ವಲ್ಪ ಜಾಸ್ತಿಯೇ ಏರುತ್ತದೆ, ಕೈ ಸ್ವಲ್ಪ ಜಾಸ್ತಿಯೇ ಬೀಸುತ್ತದೆ. ಅಂಥದ್ದಕ್ಕೆ ಕ್ಯಾಮೆರಾ ಒಯ್ದು ಮೂಗಿಗೆ ಹಿಡಿದರೆ ಎಲ್ಲ ಅತಿ ಅನ್ನಿಸಬೇಕಲ್ವಾ? ಇಲ್ಲ. ಅನ್ನಿಸಲಿಲ್ಲ. ಹಣೆಯ ಮೇಲೆ ಕೂದಲಿನ ಅಂಚಿಗೆ ಅಂಟಿಸಿದ ಮೈಕು ಕಾಣುತ್ತದೆ, ಬೆವರು ಕಿವಿಯ ಪಕ್ಕದಿಂದ ಇಳಿಯುವುದು ಕಾಣುತ್ತದೆ, ಉದ್ದದ ಸಾಲೊಂದನ್ನು ಹಾಡಿ ಮುಗಿಸಿದವರ ಎದೆ ಏರಿಳಿಯುವುದು ಕಾಣುತ್ತದೆ. ಒಟ್ಟು ಸುಮಾರು 20,000 ಪದ ಇರುವ ನಾಟಕ ಇದು, ಎರಡೂವರೆ ಗಂಟೆಯಲ್ಲಿ ಅಷ್ಟನ್ನೂ ತಾಳಕ್ಕೆ ಸರಿಯಾಗಿ ಹೇಳಿ ಮುಗಿಸಬೇಕು, ಜತೆಗೆ ಕುಣಿಯಬೇಕು. ಸಿನಿಮಾದವರು ಈ ಕಷ್ಟವನ್ನೇ ಮುಚ್ಚಿಡುತ್ತಾರೆ. ಹಾಡು ಮೊದಲೇ ಸ್ಟುಡಿಯೋದಲ್ಲಿ ಆಗಿರುತ್ತದೆ, ತುಟಿ ಆಡಿಸಿದರೆ ಸಾಕು, ಬೆವರಿದರೆ ಮೇಕಪ್‌ನವರು ಓಡಿ ಬರುತ್ತಾರೆ. ಇಲ್ಲಿ ಆ ಕಷ್ಟವೇ ನೋಡಬೇಕಾದ ವಿಷಯ. ಟೀವಿಯಲ್ಲಿ ಅದು ಕಂಡೂ ಕಾಣದ ಹಾಗಿತ್ತು. ದೊಡ್ಡ ಪರದೆಯಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾದರೆ ಬೆಕ್ಕುಗಳೇ ಪಾತ್ರಗಳಾದ ಕ್ಯಾಟ್ಸ್ ಅನ್ನುವ ಮ್ಯೂಸಿಕಲ್ ಇದೆ. 1998ರಲ್ಲಿ ಅದರ ಸ್ಟೇಜ್ ರೆಕಾರ್ಡಿಂಗ್ ವಿಡಿಯೋ ಬಂತು, ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ ತೆಗೆದದ್ದು. ಮುಖಕ್ಕೆ ಬಣ್ಣ, ತಲೆಗೆ ವಿಗ್ಗು, ಮೈಗಂಟಿದ ಬಟ್ಟೆ, ಕಾಲಿಗೆ ಉಣ್ಣೆಯ ಪಟ್ಟಿ. ಮನುಷ್ಯರು ಬೆಕ್ಕಿನ ವೇಷ ಹಾಕಿದ್ದಾರೆ ಅಂತ ಮಗುವಿಗೂ ಗೊತ್ತಾಗುತ್ತದೆ, ಆದರೂ ಐದು ನಿಮಿಷದಲ್ಲಿ ನಾವು ಅವರನ್ನು ಬೆಕ್ಕು ಅಂತಲೇ ಒಪ್ಪಿಕೊಂಡಿರುತ್ತೇವೆ. 2019ರಲ್ಲಿ ಟಾಮ್ ಹೂಪರ್ ಅದನ್ನೇ ಸಿನಿಮಾ ಮಾಡಿದರು. ಒಬ್ಬೊಬ್ಬರ ಮೈಮೇಲೂ ಕಂಪ್ಯೂಟರಿನಲ್ಲಿ ಕೂದಲು ಬೆಳೆಸಿದರು. ಬಿಡುಗಡೆಯಾದ ಮೇಲೂ ಕೆಲಸ ಮುಗಿದಿರಲಿಲ್ಲ, ಗ್ರಾಫಿಕ್ಸ್ ತಿದ್ದಿದ ಹೊಸ ಪ್ರತಿಯನ್ನು ಹಾಲ್‌ಗಳಿಗೆ ಕಳಿಸಬೇಕಾಯಿತು. ಮೊದಲ ಪ್ರತಿಯಲ್ಲಿ ಜೂಡಿ ಡೆಂಚ್ ಅವರ ಒಂದು ಕೈ ಮನುಷ್ಯರ ಕೈಯಾಗಿಯೇ, ಉಂಗುರ ಸಮೇತ ಉಳಿದುಬಿಟ್ಟಿತ್ತು! ಬಣ್ಣ ಬಳಿದ ಮುಖವನ್ನು ನಂಬಿದ ಜನ, ಅಷ್ಟೆಲ್ಲ ಖರ್ಚು ಮಾಡಿ ಅಂಟಿಸಿದ ಕೂದಲನ್ನು ನಂಬಲಿಲ್ಲ. ಸ್ಟೇಜು "ನಂಬಿ" ಅಂತ ನಮ್ಮನ್ನು ಕೇಳಿಕೊಳ್ಳುತ್ತದೆ, ನಾವೂ ಅರ್ಧ ಕೆಲಸ ಮಾಡುತ್ತೇವೆ. ಆ ಸಿನಿಮಾ ನಮಗೆ ಏನೂ ಉಳಿಸಲಿಲ್ಲ. ಒಳ್ಳೆ ಮ್ಯೂಸಿಕಲ್ ಒಂದು ಸಿಕ್ಕಿದರೆ ಅದನ್ನು ಸಿನಿಮಾ ಮಾಡಬೇಡಿ, ಇದ್ದ ಹಾಗೇ ಶೂಟ್ ಮಾಡಿ ಕೊಡಿ, ಅಷ್ಟೇ ನನ್ನ ಅಹವಾಲು.

ಹಾಗಂತ ಕ್ಯಾಮೆರಾ ಬರೀ ಕೊಡುತ್ತದೆ, ಏನೂ ಕಿತ್ತುಕೊಳ್ಳುವುದಿಲ್ಲ ಅಂತಲ್ಲ.

ಹ್ಯಾಮಿಲ್ಟನ್ ಸ್ಟೇಜಿನ ನೆಲದಲ್ಲಿ ತಿರುಗುವ ಚಕ್ರ ಇದೆ. ಒಂದಲ್ಲ, ಒಂದರೊಳಗೆ ಒಂದು ಎರಡು, ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ಇದರ ಅತ್ಯುತ್ತಮ ಬಳಕೆ ಎಲೈಜಾಳ ಅಕ್ಕ ಆಂಜೆಲಿಕಾಳ ಹಾಡಿನಲ್ಲಿ. ತಂಗಿಯ ಮದುವೆಯಲ್ಲಿ ನಾಲ್ಕು ಮಾತಾಡಲು ಎದ್ದು ನಿಲ್ಲುತ್ತಾಳೆ, ಇದ್ದಕ್ಕಿದ್ದಂತೆ ಕಾಲ ಹಿಂದಕ್ಕೆ ಓಡುತ್ತದೆ. ಮೇಳದವರು ಆಗಷ್ಟೇ ಕುಣಿದ ಹೆಜ್ಜೆಗಳನ್ನು ಹಿಂದುಮುಂದಾಗಿ ಕುಣಿಯುತ್ತಾರೆ, ಚಕ್ರ ತಿರುಗುತ್ತದೆ, ತಂಗಿಯ ಕಣ್ಣಿನಿಂದ ನಾವು ನೋಡಿದ ಅದೇ ಸಂಜೆಯನ್ನು ಈಗ ಅಕ್ಕನ ಕಣ್ಣಿನಿಂದ ನೋಡುತ್ತೇವೆ. ತನಗೆ ಇಷ್ಟವಾದ ಹುಡುಗನನ್ನು ತಾನೇ ತಂಗಿಗೆ ಬಿಟ್ಟುಕೊಟ್ಟಿದ್ದು ಆಗ ಗೊತ್ತಾಗುತ್ತದೆ. ಆಂಜೆಲಿಕಾ ಆಗಿರುವ ರೆನೇ ಎಲೀಸ್ ಗೋಲ್ಡ್ಸ್‌ಬೆರಿ ಅವರ ಮುಖ ಹತ್ತಿರದಿಂದ ನೋಡಬೇಕು, ನಿಜ. ಆದರೆ ಆ ಹಿಂದಕ್ಕೆ ಓಡುವ ಕುಣಿತವನ್ನೂ ಪೂರ್ತಿ ನೋಡಬೇಕಲ್ಲ! ಕ್ಯಾಮೆರಾ ಮುಖಕ್ಕೆ ಹೋದಾಗ ಕುಣಿತ ತಪ್ಪುತ್ತದೆ, ಕುಣಿತಕ್ಕೆ ಬಂದಾಗ ಮುಖ ತಪ್ಪುತ್ತದೆ. ಥಿಯೇಟರಿನಲ್ಲಿ ಕೂತವರು ಎತ್ತ ನೋಡಬೇಕು ಅಂತ ತಾವೇ ತೀರ್ಮಾನ ಮಾಡುತ್ತಾರೆ. ಇಲ್ಲಿ ಆ ತೀರ್ಮಾನ ಎಡಿಟರ್‌ದು.

ಇದರಿಂದ ಹೆಚ್ಚು ಅನ್ಯಾಯ ಆಗುವುದು ಮೇಳದವರಿಗೆ. ಅವರಲ್ಲಿ ಒಬ್ಬ ನರ್ತಕಿ ಬಂದೂಕಿನ ಗುಂಡು. ಹೌದು, ಗುಂಡೇ ಒಂದು ಪಾತ್ರ. ಈ ರೆಕಾರ್ಡಿಂಗ್‌ನಲ್ಲಿ ಅದನ್ನು ಮಾಡಿರುವುದು ಅರಿಯಾನಾ ಡಿಬೋಸ್, ಮುಂದೆ ಆಸ್ಕರ್ ಪಡೆದರಲ್ಲ, ಅವರೇ. ಕೊನೆಯ ದ್ವಂದ್ವಯುದ್ಧದಲ್ಲಿ ಎಲ್ಲ ನಿಂತುಹೋದಾಗ ಗುಂಡನ್ನು ಬೆರಳುಗಳಲ್ಲಿ ಹಿಡಿದು ಹ್ಯಾಮಿಲ್ಟನ್ ಕಡೆಗೆ ನಿಧಾನಕ್ಕೆ ಸಾಗುತ್ತಾರೆ. ಅದಕ್ಕೂ ಮುಂಚೆ ನಾಟಕದುದ್ದಕ್ಕೂ ಸಾವು ಹತ್ತಿರ ಬಂದ ಕಡೆಗಳಲ್ಲಿ ಅವರು ಸುಳಿಯುತ್ತಾರೆ. ಅದನ್ನು ಹಿಡಿಯಬೇಕಾದರೆ ಹಾಡುವವರನ್ನು ಬಿಟ್ಟು ಅಂಚುಗಳನ್ನು ನೋಡುತ್ತಾ ಕೂರಬೇಕು. ದೊಡ್ಡ ಪರದೆಯ ಲಾಭ ಇಲ್ಲೂ ಇದೆ, ದೂರದ ಶಾಟ್ ಬಂದಾಗಲೆಲ್ಲ ಹಿಂದಿನ ಸಾಲಿನವರ ಮುಖವೂ ಸ್ಪಷ್ಟ. ಟೀವಿಯಲ್ಲಿ ಅವರು ಬೆರಳುದ್ದದ ಗೊಂಬೆಗಳು. ಮೇಲಿನಿಂದ ತೆಗೆದ ಕೆಲವು ಶಾಟ್‌ಗಳಿವೆ, ಎರಡೂ ಚಕ್ರ ರಂಗೋಲಿಯ ಹಾಗೆ ಬಿಡಿಸಿಕೊಳ್ಳುತ್ತವೆ. ಅದನ್ನು ಮಾತ್ರ ಥಿಯೇಟರಿನಲ್ಲಿ ಯಾವ ಟಿಕೆಟ್ ಕೊಂಡವರೂ ನೋಡಿರಲು ಸಾಧ್ಯವಿಲ್ಲ.

ಚಪ್ಪಾಳೆಯದು ಬೇರೆಯೇ ಪೇಚು. ಹಾಡು ಮುಗಿಯುತ್ತದೆ, 2016ರ ಜನ ಪರದೆಯೊಳಗಿಂದ ಚಪ್ಪಾಳೆ ತಟ್ಟುತ್ತಾರೆ, ನಾವು ಕೈ ಕಟ್ಟಿಕೊಂಡು ಕೂತಿರುತ್ತೇವೆ. ತಟ್ಟಿದರೆ ಯಾರಿಗೆ ಕೇಳಬೇಕು? ನಾನು ಹೋದ ಹಾಲಿನಲ್ಲಿ ಚಪ್ಪಾಳೆಯ ಸದ್ದು ಬೆನ್ನ ಹಿಂದಿನ ಸ್ಪೀಕರುಗಳಿಂದ ಬರುತ್ತಿತ್ತು. ಮೊದಲ ಸಲ ಬಂದಾಗ ಗೆಳತಿ ಯಾರಪ್ಪಾ ಅಂತ ತಿರುಗಿಯೇ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಇಬ್ಬರು ನಿಜವಾಗಿಯೂ ತಟ್ಟಿದರು, ಆಮೇಲೆ ಇನ್ನೊಂದಷ್ಟು ಜನ, ಎರಡನೇ ಅಂಕದ ಹೊತ್ತಿಗೆ ಹಾಲಿನ ಚಪ್ಪಾಳೆ ಯಾವುದು ಸ್ಪೀಕರಿನದ್ದು ಯಾವುದು ಗೊತ್ತಾಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಪೂರ್ತಿ ರ‍್ಯಾಪನ್ನು ಜತೆಜತೆಗೇ ಗುನುಗುತ್ತಿದ್ದರು. ಬೇರೆ ಸಿನಿಮಾದಲ್ಲಾಗಿದ್ದರೆ ಜಗಳ ಆಡುತ್ತಿದ್ದೆ.

ಇಂಟರ್ವಲ್ ಬಗ್ಗೆ ಒಂದು ಎಚ್ಚರಿಕೆ. ಈ ರೆಕಾರ್ಡಿಂಗ್‌ನಲ್ಲಿ ಇಂಟರ್ವಲ್ ಅಂದರೆ ಒಂದೇ ನಿಮಿಷ, ಪರದೆ ಮೇಲೆ ಸೆಕೆಂಡುಗಳು ಇಳಿಯುತ್ತಾ ಹೋಗುತ್ತವೆ. ಒಟ್ಟು 160 ನಿಮಿಷದ ಆಟಕ್ಕೆ ಅದು ಯಾವ ಮೂಲೆಗೆ? ಗೆಳತಿ ಎದ್ದು ಓಡಿದಳು. ಅವಳು ಕತ್ತಲಲ್ಲಿ ಕಾಲುಗಳನ್ನು ದಾಟಿಕೊಂಡು ವಾಪಸ್ ಬರುವಷ್ಟರಲ್ಲಿ ಫ್ರಾನ್ಸಿನಿಂದ ಬಂದಿಳಿದ ಜೆಫರ್ಸನ್ (ಹ್ಯಾಮಿಲ್ಟನ್‌ನ ರಾಜಕೀಯ ಎದುರಾಳಿ) ತಾನಿಲ್ಲದಾಗ ಏನೇನಾಯ್ತು ಅಂತ ಊರೆಲ್ಲ ಕೇಳಿಕೊಂಡು ಕುಣಿಯುತ್ತಿದ್ದ. ಕೂತವಳೇ ಇವಳೂ ಪಿಸುಗುಟ್ಟಿದಳು, "ಏನಾಯ್ತೇ?" ನನಗೆ ನಗು ತಡೆಯಲು ಆಗಲಿಲ್ಲ.

ನಾಟಕವನ್ನು ಸಿನಿಮಾ ಹಾಲಿನಲ್ಲಿ ತೋರಿಸುವುದು ಈಗ ಹೊಸದೇನಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್ 30ರಂದು ಶುರು ಮಾಡಿತು, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್‌ನಲ್ಲಿ. ಮ್ಯೂಸಿಕಲ್‌ಗಳಲ್ಲಿ ಫ್ಯಾಂಟಮ್ ಆಫ್ ದಿ ಒಪೆರಾದ 25ನೇ ವರ್ಷದ ಪ್ರದರ್ಶನ 2011ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಿಂದ ನೇರ ಪ್ರಸಾರ ಆಯ್ತು. ಆ ಕಟ್ಟಡದಲ್ಲಿ, ಕಥೆಯಲ್ಲಿ ಬೀಳುವ ಪ್ರಸಿದ್ಧ ತೂಗುದೀಪವನ್ನು ಬೀಳಿಸುವ ಹಾಗಿರಲಿಲ್ಲ, ಕಿಡಿ ಹಾರಿಸಿ ಮುಗಿಸಿದರು. ದೀಪ ಬೀಳದ ಫ್ಯಾಂಟಮ್ ಯಾಕೆ ಅನ್ನುವವರಿದ್ದಾರೆ, ನನಗೆ ಫ್ಯಾಂಟಮ್ ಪಾತ್ರದ ರಮೀನ್ ಕರೀಮ್ಲೂ ಅವರ ದನಿಯೇ ಸಾಕಾಯಿತು. 2014ರಲ್ಲಿ ಬ್ಯಾಲೆ ಕಲಿಯುವ ಹುಡುಗನ ಕಥೆಯಾದ ಬಿಲ್ಲಿ ಎಲಿಯಟ್ ಕೂಡ ಹೀಗೇ ನೇರವಾಗಿ ಹಾಲ್‌ಗಳಿಗೆ ಬಂತು. ಅದರಲ್ಲಿ ದೊಡ್ಡವನಾದ ಬಿಲ್ಲಿಯಾಗಿ ಕುಣಿದ ಲಿಯಾಮ್ ಮೋವರ್, ನಾಟಕ ಶುರುವಾದಾಗ ಪುಟ್ಟ ಬಿಲ್ಲಿ ಆಗಿದ್ದ ಹುಡುಗರಲ್ಲಿ ಒಬ್ಬರು. ಇದು ಗೊತ್ತಿದ್ದು ನೋಡಿದರೆ ಇಬ್ಬರೂ ಜತೆಯಾಗಿ ಕುಣಿಯುವಾಗ ಗಂಟಲು ಕಟ್ಟುತ್ತದೆ.

ಇಷ್ಟಿದ್ದರೂ ಬ್ರಾಡ್‌ವೇ ನಾಟಕಗಳ ಒಳ್ಳೆ ರೆಕಾರ್ಡಿಂಗ್ ಹೊರಬರುವುದು ಅಪರೂಪ. ಪರದೆ ಮೇಲೆ ಸಿಕ್ಕಿದರೆ ಟಿಕೆಟ್ ಕೊಳ್ಳುವವರು ಕಡಿಮೆಯಾಗುತ್ತಾರೆ ಅನ್ನುವ ಹೆದರಿಕೆ ನಿರ್ಮಾಪಕರಿಗೆ. ನಟರು, ವಾದ್ಯದವರು, ಸ್ಟೇಜ್ ಕೆಲಸದವರು, ಎಲ್ಲರ ಸಂಘಗಳ ಜತೆ ಬೇರೆ ಬೇರೆ ಒಪ್ಪಂದ ಆಗಬೇಕು, ಖರ್ಚೂ ಜಾಸ್ತಿ. ತಮಾಷೆ ಏನೆಂದರೆ ರೆಕಾರ್ಡಿಂಗ್‌ಗಳು ಇವೆ! ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 1970ರಿಂದ ನಾಟಕಗಳನ್ನು ಶೂಟ್ ಮಾಡಿ ಸಂಗ್ರಹಿಸುತ್ತಿದೆ. ಬೆಟ್ಟಿ ಕಾರ್ವಿನ್ ಅನ್ನುವವರು ಹಟ ಹಿಡಿದು ಶುರು ಮಾಡಿದ ಕೆಲಸ. ಆದರೆ ನೋಡಬೇಕಾದರೆ ಅಲ್ಲಿಗೇ ಹೋಗಬೇಕು, ಅಧ್ಯಯನದ ಕಾರಣ ಇರಬೇಕು, ಹೊರಗೆ ಒಯ್ಯುವ ಹಾಗಿಲ್ಲ. ಉಳಿದವರ ಪಾಡು ಯೂಟ್ಯೂಬ್. ಯಾರೋ ಕೋಟಿನೊಳಗೆ ಫೋನ್ ಬಚ್ಚಿಟ್ಟು ತೆಗೆದ ಕಳ್ಳ ವಿಡಿಯೋಗಳಿಗೆ ಅಭಿಮಾನಿಗಳು ಇಟ್ಟಿರುವ ಗುಟ್ಟಿನ ಹೆಸರು "ಸ್ಲೈಮ್ ಟ್ಯುಟೋರಿಯಲ್". ಅಂಟಂಟು ಆಟಿಕೆ ಮಾಡುವ ವಿಧಾನ ಅಂತ ತೆರೆದರೆ ಒಳಗೆ ಇಡೀ ಮ್ಯೂಸಿಕಲ್. ಅರ್ಧ ಪರದೆಗೆ ಮುಂದಿನವರ ತಲೆ ಅಡ್ಡ, ಕೆಮ್ಮು ಬೇರೆ. ಜನ ಅದನ್ನೂ ಬಿಡದೆ ನೋಡುತ್ತಾರೆ ಅಂದರೆ ಒಳ್ಳೆಯದಕ್ಕೆ ಎಷ್ಟು ಹಸಿವಿದೆ ಅಂತ ನಿರ್ಮಾಪಕರಿಗೆ ಗೊತ್ತಾಗಬೇಡವೇ? ಹ್ಯಾಮಿಲ್ಟನ್ ಮನೆಮನೆಗೂ ಬಂದು ವರ್ಷಗಳೇ ಆದವು, ಬ್ರಾಡ್‌ವೇಯಲ್ಲಿ ಅದರ ಆಟ ಇನ್ನೂ ನಿಂತಿಲ್ಲ.

ಅಂದಹಾಗೆ ಕೊನೆಯ ಕ್ಷಣದ ಬಗ್ಗೆ ನಾನೂ ಗೆಳತಿಯೂ ಇನ್ನೂ ಕಿತ್ತಾಡುತ್ತಿದ್ದೇವೆ. ನಾಟಕ ಮುಗಿಯುವುದು ಎಲೈಜಾ ಮುಂದೆ ಬಂದು, ನಮ್ಮ ಕಡೆ ನೋಡಿ, ಒಮ್ಮೆ ಉಸಿರು ಎಳೆದುಕೊಳ್ಳುವುದರೊಂದಿಗೆ. ಏನು ಕಂಡಳು ಅಂತ ನಾಟಕ ಹೇಳುವುದಿಲ್ಲ. ಸತ್ತು ಗಂಡನನ್ನು ಸೇರಿದಳು ಅಂತ ನಾನು. ಅಲ್ಲ, ಎದುರಿಗೆ ಕೂತ ಜನರನ್ನೇ ನೋಡಿದಳು, ಗಂಡನ ಕಥೆ ಉಳಿಯಿತು ಅಂತ ಗೊತ್ತಾಯಿತು ಅಂತ ಅವಳು. ಕ್ಯಾಮೆರಾ ಆಗ ಫಿಲಿಪಾ ಸೂ ಅವರ ಮುಖದ ಮೇಲೇ ಇದೆ, ಅದೊಂದು ಕಡೆ ನನಗೆ ಎಡಿಟರ್ ಮೇಲೆ ಯಾವ ತಕರಾರೂ ಇಲ್ಲ. ನೀವು ನೋಡಿದ್ದರೆ ಯಾರ ಪಕ್ಷ ಅಂತ ಕೆಳಗೆ ಬರೆಯಿರಿ, ಅವಳಿಗೆ ತೋರಿಸಬೇಕು.