ನ್ಯಾನಿ ಕೆಲಸದ ಸಂದರ್ಶನ: ಮಕ್ಕಳೆಂದರೆ ಇಷ್ಟ ಎಂದರೆ ಸಾಲದು

ನ್ಯಾನಿ ಕೆಲಸಕ್ಕೆ ಅರ್ಜಿ ಹಾಕುವ ಬಹಳ ಮಂದಿ ‘ನನಗೆ ಮಕ್ಕಳೆಂದರೆ ತುಂಬ ಇಷ್ಟ’ ಎಂದೇ ಶುರು ಮಾಡುತ್ತಾರೆ. ಆ ಸಾಲನ್ನು ತೆಗೆದುಬಿಡಿ. ಮಗುವನ್ನು ಬಿಟ್ಟು ಹೊರಗೆ ಹೋಗುವ ಅಪ್ಪ ಅಮ್ಮನಿಗೆ ತಿಳಿಯಬೇಕಾದದ್ದು ಬೇರೆ: ಎಷ್ಟು ತಿಂಗಳ ಮಗುವನ್ನು ನೋಡಿಕೊಂಡಿದ್ದೀರಿ, ದಿನಕ್ಕೆ ಎಷ್ಟು ಹೊತ್ತು, ಒಬ್ಬರೇ ನಿಭಾಯಿಸಿದಿರೋ ಮನೆಯಲ್ಲಿ ಇನ್ನೊಬ್ಬರು ಇದ್ದರೋ. ‘ಅನುಭವ ಇದೆ’ ಎಂಬುದಕ್ಕಿಂತ ‘4 ತಿಂಗಳಿಂದ 3 ವರ್ಷದವರೆಗೆ ಒಂದೇ ಮಗು, ವಾರಕ್ಕೆ 5 ದಿನ, ದಿನಕ್ಕೆ 9 ಗಂಟೆ, ಬಾಟಲಿ ಹಾಲು ಕುಡಿಸಿದ್ದು, ಗಟ್ಟಿ ಆಹಾರ ರೂಢಿಸಿದ್ದು, ಡೈಪರ್ ಅಭ್ಯಾಸ ಬಿಡಿಸಿದ್ದು’ ಎಂದು ಬರೆದರೆ ತೂಕವೇ ಬೇರೆ. ತಮ್ಮ ತಂಗಿಯರನ್ನೋ ಸಂಬಂಧಿಕರ ಮಕ್ಕಳನ್ನೋ ನೋಡಿಕೊಂಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದನ್ನು ಸಂಬಳದ ಕೆಲಸವೆಂದು ಬರೆಯಬೇಡಿ. ರೆಫರೆನ್ಸ್‌ಗೆ, ಅಂದರೆ ನಿಮ್ಮ ಕೆಲಸದ ಬಗ್ಗೆ ಹೇಳಬಲ್ಲವರೆಂದು ನೀವು ಹೆಸರು ಕೊಟ್ಟವರಿಗೆ, ಫೋನ್ ಮಾಡಿದ ಮೊದಲ ನಿಮಿಷದಲ್ಲೇ ಬಣ್ಣ ಬಯಲಾಗುತ್ತದೆ.

ರೆಫರೆನ್ಸ್ ಎರಡು ಮೂರು ಸಾಕು. ಅವರಿಗೆ ಮೊದಲೇ ಹೇಳಿಡಿ, ಯಾವ ವಯಸ್ಸಿನ ಮಗುವಿನ ಕೆಲಸಕ್ಕೆ ಹೋಗುತ್ತಿದ್ದೀರಿ ಎಂಬುದನ್ನೂ ತಿಳಿಸಿ. ಕೂಸಿನ ಕೆಲಸಕ್ಕೆ ಹೋದಾಗ ಅವರು ನಿಮ್ಮ ಹೋಂವರ್ಕ್ ಮಾಡಿಸುವ ಜಾಣ್ಮೆಯನ್ನು ಹೊಗಳಿದರೆ ಪ್ರಯೋಜನವಿಲ್ಲ.

ಕೆಲಸ ಸಿಗುವ ದಾರಿ ಮೂರು: ಪರಿಚಯದವರ ಮಾತು, ಏಜೆನ್ಸಿ, ಆನ್‌ಲೈನ್ ಜಾಹೀರಾತು. ಮೊದಲನೆಯದು ಎಲ್ಲಕ್ಕಿಂತ ಗಟ್ಟಿ. ಏಜೆನ್ಸಿಯಾದರೆ ಶುಲ್ಕ ಯಾರು ಕೊಡಬೇಕು, ಕೆಲಸ ಮಧ್ಯದಲ್ಲೇ ನಿಂತರೆ ಏನು ಎಂಬುದನ್ನು ಸಹಿಗೆ ಮೊದಲೇ ಕೇಳಿಕೊಳ್ಳಿ. ಆನ್‌ಲೈನಿನಲ್ಲಿ ಒಂದು ಹಳೆಯ ಮೋಸ ಇನ್ನೂ ನಡೆಯುತ್ತಿದೆ. ಮುಖ ನೋಡುವ ಮೊದಲೇ ಕೆಲಸ ಖಾತ್ರಿ ಮಾಡುತ್ತಾರೆ, ಮಗುವಿಗೆ ಸಾಮಾನು ಕೊಳ್ಳಲೆಂದು ದೊಡ್ಡ ಮೊತ್ತದ ಚೆಕ್ ಕಳಿಸುತ್ತಾರೆ, ಉಳಿದ ಹಣವನ್ನು ಇನ್ಯಾರಿಗೋ ದಾಟಿಸಲು ಹೇಳುತ್ತಾರೆ. ಕೆಲವು ದಿನ ಕಳೆದು ಚೆಕ್ ವಾಪಸಾಗುತ್ತದೆ, ದಾಟಿಸಿದ ಹಣ ಮಾತ್ರ ನಿಮ್ಮ ಜೇಬಿನಿಂದಲೇ ಹೋಗಿರುತ್ತದೆ. ಕಣ್ಣಾರೆ ನೋಡದ ಮನೆಯವರ ಹಣ ಮುಟ್ಟಬೇಡಿ, ಗುರುತಿನ ಚೀಟಿಯ ಮೂಲ ಪ್ರತಿಯನ್ನು ಯಾರಿಗೂ ಒಪ್ಪಿಸಬೇಡಿ. ಮೊದಲ ಭೇಟಿಗೆ ಹೋಗುವಾಗ ವಿಳಾಸ ನಿಮ್ಮವರೊಬ್ಬರಿಗೆ ಗೊತ್ತಿರಲಿ.

ಇನ್ನು ಸಂದರ್ಶನ. ತಯಾರಿಯ ಮುಕ್ಕಾಲು ಪಾಲು ಸಮಯವನ್ನು ಆ ಮನೆಯ ಮಗುವಿನ ವಯಸ್ಸಿಗೇ ಮೀಸಲಿಡಿ. ಮಗುವಿಗೆ ಎಷ್ಟು ತಿಂಗಳೆಂದು ಫೋನಿನಲ್ಲೇ ಕೇಳಿಕೊಂಡು ಓದಿಕೊಂಡು ಹೋಗಿ.

ಕೂಸಾದರೆ ಮಲಗಿಸುವ ಪ್ರಶ್ನೆ ಬರುವ ಸಾಧ್ಯತೆ ಹೆಚ್ಚು. ಮೊದಲ ಒಂದು ವರ್ಷ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ. ದಿಂಬು, ಸಡಿಲ ಹೊದಿಕೆ, ಗೊಂಬೆ ಯಾವುದೂ ಬೇಡ. ಉಸಿರು ಕಟ್ಟುವ ಅಪಾಯ ಇರುವುದು ಅಲ್ಲೇ. ಪುಡಿ ಹಾಲಿಗೆ ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಡಬ್ಬಿಯ ಅಳತೆಗಿಂತ ನೀರು ಹೆಚ್ಚಿದರೆ ಪೋಷಣೆ ಕಡಿಮೆಯಾಗುವುದಷ್ಟೇ ಅಲ್ಲ, ರಕ್ತದ ಸೋಡಿಯಂ ಇಳಿದು ಕೂಸಿಗೆ ಫಿಟ್ಸ್ ಬರಬಹುದು. ಕಲಸಿದ ಹಾಲನ್ನು 2 ಗಂಟೆಯೊಳಗೆ ಬಳಸಬೇಕು, ಮಗು ಬಾಯಿಟ್ಟ ಮೇಲೆ 1 ಗಂಟೆ ಮೀರಿದರೆ ಚೆಲ್ಲಬೇಕು. ಮೈಕ್ರೋವೇವಿನಲ್ಲಿ ಬಿಸಿ ಮಾಡಬಾರದು: ಬಾಟಲಿ ಮುಟ್ಟಿದರೆ ಬೆಚ್ಚಗಷ್ಟೇ ಇರುತ್ತದೆ, ಒಳಗೆ ಅಲ್ಲಲ್ಲಿ ಬಾಯಿ ಸುಡುವಷ್ಟು ಕಾದಿರುತ್ತದೆ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ, ಬೊಟುಲಿಸಂ ಎಂಬ ವಿಷಬಾಧೆಯ ಭಯವಿದೆ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಕಾದು ನೋಡುವ ಮಾತಿಲ್ಲ, ಕೂಡಲೇ ವೈದ್ಯರು.

ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ? ಇದನ್ನು ಬಾಯಿಪಾಠವಾಗಿ ಅಲ್ಲ, ಕೈಗಳು ಮಾಡಿ ತೋರಿಸುವಂತೆ ಕಲಿತಿರಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ಅಳು ಎರಡೂ ಬಾರದೆ ಉಸಿರು ನಿಂತಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ 5 ಗುದ್ದು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು. ವಸ್ತು ಹೊರಬರುವವರೆಗೆ ಹೀಗೇ ಮುಂದುವರಿಸಬೇಕು. ವರ್ಷ ದಾಟಿದ ಮಗುವಿಗೆ ಎದೆಯ ಬದಲು ಹೊಟ್ಟೆಯ ಒತ್ತು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ಹಾಕಿ ತಡಕಾಡಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ತುರ್ತು ಸೇವೆಗೆ ಕರೆ, ಜೊತೆಗೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು. ಇವನ್ನೆಲ್ಲ ಬೊಂಬೆಯ ಮೇಲೆ ಒಮ್ಮೆಯಾದರೂ ಅಭ್ಯಾಸ ಮಾಡದೆ ಸಂದರ್ಶನಕ್ಕೆ ಹೋಗಬೇಡಿ. ಶಿಶು ಮತ್ತು ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 2 ವರ್ಷದ ಬಾಳಿಕೆ. ಅವಧಿ ಮುಗಿದದ್ದನ್ನು ತೋರಿಸುವುದು ಇಲ್ಲದ್ದಕ್ಕಿಂತ ಕಡೆ.

ನಡೆಯಲು ಕಲಿತ ಮಗುವಾದರೆ ಪ್ರಶ್ನೆಗಳ ದಿಕ್ಕು ಬದಲಾಗುತ್ತದೆ: ಹಟ, ಕಚ್ಚುವುದು, ಫೋನ್ ನೋಡುವುದು. ‘ಪ್ರೀತಿಯಿಂದ ಹೇಳುತ್ತೇನೆ’ ಎಂದರೆ ಉತ್ತರವಾಗಲಿಲ್ಲ. ರಚ್ಚೆ ಹಿಡಿದಾಗ ಮೊದಲು ಏನು ಮಾಡುತ್ತೀರಿ, ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಏನು, ಅಪ್ಪ ಅಮ್ಮನಿಗೆ ಸಂಜೆ ಏನು ಹೇಳುತ್ತೀರಿ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೇಳಿ.

ಇನ್ನೊಂದು ಪ್ರಶ್ನೆಯಲ್ಲಿ ಒಳ್ಳೊಳ್ಳೆಯವರೂ ತಡವರಿಸುತ್ತಾರೆ: ಕೂಸು ಒಂದು ಗಂಟೆಯಿಂದ ಅಳುತ್ತಿದೆ, ಏನು ಮಾಡುತ್ತೀರಿ? ಹಸಿವು, ಡೈಪರ್, ಸೆಕೆಯೋ ಚಳಿಯೋ, ಜ್ವರ ಇವನ್ನು ಎಲ್ಲರೂ ಹೇಳುತ್ತಾರೆ. ಕಾಲ್ಬೆರಳಿಗೆ ಕೂದಲೆಳೆ ಸುತ್ತಿಕೊಂಡಿದೆಯೇ ಎಂದು ನೋಡುವುದನ್ನು ಹೇಳುವವರು ಕಡಿಮೆ. ಅದು ರಕ್ತ ಓಡಾಟವನ್ನೇ ತಡೆಯಬಲ್ಲದು. ಕೊನೆಗೆ, ತಾಳ್ಮೆ ಕೆಡುತ್ತಿದೆ ಎನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಕೆಲವು ನಿಮಿಷ ಪಕ್ಕದ ಕೋಣೆಗೆ ಹೋಗುತ್ತೇನೆ, ಯಾವ ಕಾರಣಕ್ಕೂ ಹಿಡಿದು ಕುಲುಕುವುದಿಲ್ಲ ಎಂದು ನೇರವಾಗಿ ಹೇಳಿ. ನನಗೆ ಕೋಪವೇ ಬರುವುದಿಲ್ಲ ಎನ್ನುವವರನ್ನು ಯಾರೂ ನಂಬುವುದಿಲ್ಲ.

ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದರೆ ಒಂದೇ ವಾಕ್ಯ ಸಾಕು. ಆ ಮನೆಯ ಜಗಳ, ಕಾಯಿಲೆ, ಹಣಕಾಸು ಬಾಯಿಗೆ ಬಂದರೆ ಎದುರಿಗೆ ಕೂತವರು ನಾಳೆ ತಮ್ಮ ಮನೆಯ ಮಾತೂ ಹೀಗೇ ಹೊರಗೆ ಹೋಗುತ್ತದೆಂದು ತಿಳಿಯುತ್ತಾರೆ.

ಆಮೇಲೆ ನಿಮ್ಮ ಸರದಿ. ‘ಸಣ್ಣಪುಟ್ಟ ಮನೆಗೆಲಸ’ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸಿ ಕೇಳಿ: ಮಗುವಿನ ಪಾತ್ರೆ ಬಟ್ಟೆಯೋ, ಇಡೀ ಮನೆಯದೋ? ಈ ಕೆಲಸದಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಅಪ್ಪ ಅಮ್ಮ ತಡವಾಗಿ ಬಂದರೆ ಆ ಹೊತ್ತಿಗೆ ಲೆಕ್ಕ ಹೇಗೆ, ಅವರು ರಜೆ ಹೋದ ವಾರ ಸಂಬಳ ಉಂಟೋ, ಮನೆಯಿಂದಲೇ ಕೆಲಸ ಮಾಡುವ ಅಪ್ಪನೋ ಅಮ್ಮನೋ ಇದ್ದರೆ ಮಗು ಅತ್ತಾಗ ಯಾರು ಎತ್ತಿಕೊಳ್ಳಬೇಕು, ಕ್ಯಾಮೆರಾ ಇದೆಯೇ, ಔಷಧ ಕೊಡಲು ಬರಹದಲ್ಲಿ ಅನುಮತಿ ಕೊಡುತ್ತಾರೆಯೇ? ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. ಸಂಬಳದಲ್ಲಿ ಯಾವ ಮೊತ್ತಕ್ಕಿಂತ ಕೆಳಗಿಳಿಯುವುದಿಲ್ಲ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ನಿರ್ಧರಿಸಿರಿ.

ಪ್ರಯೋಗಕ್ಕೆ ಒಂದು ದಿನ ಬನ್ನಿ ಎನ್ನುವುದು ಸರಿಯಾದದ್ದೇ, ಆ ದಿನಕ್ಕೂ ಸಂಬಳ ಇರಬೇಕು. ಅಂದು ಮಗುವನ್ನು ಬಾಚಿ ಎತ್ತಿಕೊಳ್ಳಲು ಹೋಗಬೇಡಿ. ನೆಲದಲ್ಲಿ ಕೂತು ಅದೇ ಹತ್ತಿರ ಬರಲಿ. ಕೂಸನ್ನು ಮುಟ್ಟುವ ಮೊದಲು ಕೈ ತೊಳೆಯುವುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರೂ ಗಮನಿಸುತ್ತಾರೆ.

ಒಪ್ಪಿಗೆಯಾದರೆ ಕೆಲಸದ ಹೊತ್ತು, ಸಂಬಳದ ದಿನ, ಹೆಚ್ಚುವರಿ ಗಂಟೆ, ರಜೆ, ಬಿಡುವ ಮೊದಲು ಎಷ್ಟು ದಿನ ತಿಳಿಸಬೇಕು, ಮಗುವಿನ ಫೋಟೊ ತೆಗೆಯಬಹುದೇ ಇವೆಲ್ಲ ಕಾಗದದ ಮೇಲೆ ಬರಲಿ, ಒಂದು ಪ್ರತಿ ನಿಮ್ಮ ಬಳಿ ಇರಲಿ. ಎರಡನೇ ಮಗುವಾದರೆ ಸಂಬಳವನ್ನು ಮತ್ತೆ ಕೂತು ಮಾತಾಡುವುದು ಎಂಬ ಸಾಲನ್ನೂ ಆಗಲೇ ಸೇರಿಸಿಬಿಡಿ. ಮಗು ಬಂದ ಮೇಲೆ, ನಿದ್ದೆಗೆಟ್ಟ ಆ ಮನೆಯಲ್ಲಿ, ಹಣದ ಮಾತೆತ್ತಲು ನಿಮಗೂ ಬಾಯಿ ಬರುವುದಿಲ್ಲ.